ಪ್ರವಾಸದ ಸೈಕಲ್ಲು: ಕೊಳ್ಳುವುದೋ, ಕಟ್ಟುವುದೋ?

ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಹಗುರವಾಗಿ ಸಾಗುವ ಸೈಕಲ್ಲು, ಪ್ರವಾಸದ ಸಾಮಾನು ಹೊತ್ತು ನಂದಿಬೆಟ್ಟವನ್ನೇರುವಾಗ ಏಕೆ ಏದುಸಿರು ಬಿಡಿಸುತ್ತದೆ? ಹಲ್ಲುಗಳನ್ನು ಎಣಿಸಿರಿ. ಪೆಡಲಿನ ಚಕ್ರದಲ್ಲಿ 44, ಹಿಂಗಾಲಿಯದರಲ್ಲಿ 18 ಹಲ್ಲುಗಳಿದ್ದು, ಗಾಲಿಯ ಸುತ್ತಳತೆ 2.2 ಮೀಟರಾದರೆ, ಪೆಡಲಿನ ಒಂದು ಸುತ್ತಿಗೆ ಬಂಡಿಯು ಸುಮಾರು 5.4 ಮೀಟರು ಸರಿಯುವುದು. ಸವಾರ, ಬಂಡಿ, ಹೊರೆ ಸೇರಿ 100 ಕಿಲೋಗ್ರಾಂ ಎನ್ನೋಣ. 12 ಮೀಟರಿಗೆ 1 ಮೀಟರು ಏರುವ ದಾರಿಯಲ್ಲಿ, ಘರ್ಷಣೆಯನ್ನು ಬಿಟ್ಟರೂ, 17 ಸೆಂಟಿಮೀಟರು ತೋಳಿನ ಪೆಡಲಿಗೆ ಸರಾಸರಿ 42 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಹಲ್ಲುಗಳು 26 ಮತ್ತು 34 ಆದರೆ 13 ಸಾಕು. ಸುತ್ತುಗಳು ಮಾತ್ರ ಮೂರು ಪಟ್ಟಿಗೂ ಮಿಗಿಲು. ಪ್ರಕೃತಿಯಲ್ಲಿ ರಿಯಾಯಿತಿಯಿಲ್ಲವಷ್ಟೆ!

ಬಿಡಿಭಾಗಗಳನ್ನು ಜೋಡಿಸಿದರೆ ಹಣ ಉಳಿಯುವುದೆಂಬುದು ಬಹುಮಟ್ಟಿಗೆ ಭ್ರಮೆ. ಸಗಟಾಗಿ ಕೊಳ್ಳುವ ಕಾರ್ಖಾನೆಯೊಡನೆ ನಾವು ಸ್ಪರ್ಧಿಸಲಾರೆವು. ಆದರೂ ಗಟ್ಟಿ ಚೌಕಟ್ಟಿನ ಹಳೆಯ ಬಂಡಿ ಮನೆಯಲ್ಲಿದ್ದು, ಅದರ ಹಿಂಬದಿಯ ಅಗಲ ಹೊಂದುವುದಾದರೆ, ಹಲ್ಲುಚಕ್ರಗಳನ್ನೂ 36 ಕಡ್ಡಿಗಳ ಹಿಂಗಾಲಿಯನ್ನೂ ತಾವೇ ಅಳವಡಿಸುವುದು ಮೇಲೆಂದು ನಮ್ಮ ಮತ. ಕಡ್ಡಿಗಳನ್ನು ಸಮನಾಗಿ ಬಿಗಿಯಲು ಕಲಿತವರು, ಊರಿಂದ ದೂರದಲ್ಲಿ ಒಂದು ಮುರಿದರೂ, ಬೇರೆಯದನ್ನು ಹಾಕಿಕೊಂಡು ಮುಂದೆ ಹೊರಡಬಲ್ಲರು.