ಕಿರಣಕ್ಕೂ ಒಂದು ಕ್ಯಾಲೆಂಡರ್

2024ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ‘ಇಂಟರ್‌ಲೇಸ್’ ಎಂಬ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿತು. ಗರ್ಭಕಂಠದ ಕ್ಯಾನ್ಸರ್ ಬಂದಿದ್ದ 500 ಹೆಂಗಸರು, ಐದು ದೇಶಗಳು, ಅದರಲ್ಲಿ ಭಾರತವೂ ಒಂದು. ಅರ್ಧ ಮಂದಿಗೆ ಎಂದಿನ ಚಿಕಿತ್ಸೆ, ಅಂದರೆ ವಿಕಿರಣ ಮತ್ತು ಅದರ ಜೊತೆಗೆ ವಾರಕ್ಕೊಮ್ಮೆ ಕೊಡುವ ಔಷಧಿ ಸಿಸ್‌ಪ್ಲಾಟಿನ್. ಇನ್ನರ್ಧ ಮಂದಿಗೂ ಅದೇ. ಆದರೆ ಅದಕ್ಕೆ ಮೊದಲು ಆರು ವಾರಗಳ ಕಾಲ, ವಾರಕ್ಕೊಂದು ಸಲ, ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿಗಳನ್ನು ಹನಿಸಿದರು. ಏಳನೆಯ ವಾರ ವಿಕಿರಣ ಶುರು. ಐದು ವರ್ಷದ ಲೆಕ್ಕದಲ್ಲಿ ಬದುಕುಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 72, ಎರಡನೆಯದರಲ್ಲಿ ನೂರಕ್ಕೆ 80.

ನೂರರಲ್ಲಿ ಎಂಟು ಜೀವ! ಇದಕ್ಕಾಗಿ ಯಾರೂ ಹೊಸ ಯಂತ್ರ ಕಟ್ಟಲಿಲ್ಲ, ಹೊಸ ಮದ್ದು ಹುಡುಕಲಿಲ್ಲ. ಎರಡೂ ಔಷಧಿಗಳು ಮೂವತ್ತು ವರ್ಷಗಳಿಂದ ಬಳಕೆಯಲ್ಲಿರುವಂಥವು, ಪೇಟೆಂಟ್ ಮುಗಿದವು, ನಮ್ಮ ದೇಶದಲ್ಲೇ ತಯಾರಾಗುವಂಥವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಡಾ. ಮೇರಿ ಮೆಕಾರ್ಮ್ಯಾಕ್ ಮತ್ತು ಸಂಗಡಿಗರು ಪರೀಕ್ಷೆಗೊಡ್ಡಿದ್ದು ಅವನ್ನು ಯಾವಾಗ, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂಬುದನ್ನು. ವಿಕಿರಣ ಚಿಕಿತ್ಸೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನನ್ನು ದಂಗುಬಡಿಸಿದ್ದು ಇದೇ: ಜೀವ ಉಳಿಸಿದ ಎಷ್ಟೋ ಜಿಗಿತಗಳು ದಿನ ಎಣಿಸುವುದರಿಂದ ಬಂದಿವೆ.

ಮೊದಲು ಕಿರಣದ ಬಲವನ್ನೇ ನೋಡಿ. ವಿಕಿರಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಇಡೀ ಮೈಗೆ ಒಮ್ಮೆಗೇ ನಾಲ್ಕು ಗ್ರೇ ಬಿದ್ದು ಚಿಕಿತ್ಸೆ ಸಿಗದೇ ಹೋದರೆ ಅರ್ಧದಷ್ಟು ಜನ ಬದುಕುವುದಿಲ್ಲ. ಆದರೆ ಆ ನಾಲ್ಕು ಗ್ರೇಯಿಂದ ಮೈಯ ಶಾಖ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗ! ಬಿಸಿ ಚಹಾದ ಒಂದು ಸಣ್ಣ ಗುಟುಕು ಒಳಗೆ ತರುವ ಶಾಖವೂ ಸುಮಾರು ಅಷ್ಟೇ. ಹಾಗಾದರೆ ಕೊಲ್ಲುವುದು ಏನು? ಜೀವಕೋಶದೊಳಗಿನ ಡಿಎನ್‌ಎ ಎಳೆಗಳ ಮೇಲೆ ಬೀಳುವ ಏಟು. ಒಂದು ಗ್ರೇ ವಿಕಿರಣಕ್ಕೆ ಪ್ರತಿ ಕೋಶದಲ್ಲಿ ಸಾವಿರದಷ್ಟು ಕಡೆ ಒಂದೆಳೆ ತುಂಡಾಗುತ್ತದೆ, ನಲವತ್ತರ ಆಸುಪಾಸು ಕಡೆ ಎರಡೂ ಎಳೆ ಒಟ್ಟಿಗೆ ತುಂಡಾಗುತ್ತವೆ. ಕೋಶ ಸುಮ್ಮನೆ ಕೂರುವುದಿಲ್ಲ. ಕೆಲವೇ ಗಂಟೆಗಳಲ್ಲಿ ತುಂಡುಗಳನ್ನು ಬೆಸೆಯುತ್ತದೆ. ಆರೋಗ್ಯವಂತ ಕೋಶ ಈ ರಿಪೇರಿಯನ್ನು ಚೆನ್ನಾಗಿ ಮಾಡುತ್ತದೆ, ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ಎಡವುತ್ತದೆ. ಇಡೀ ಚಿಕಿತ್ಸೆ ನಿಂತಿರುವುದು ಆ ಕೆಲವು ಗಂಟೆಗಳ ಅಂತರದ ಮೇಲೆ.

ಈ ಅಂತರದ ಸುಳಿವು ಸಿಕ್ಕಿದ್ದು ಡಿಎನ್‌ಎ ರಚನೆ ಗೊತ್ತಾಗುವುದಕ್ಕೂ ಎಷ್ಟೋ ಮೊದಲು, ಪ್ಯಾರಿಸ್ಸಿನಲ್ಲಿ, ಟಗರುಗಳಿಂದ! ಕ್ಲಾಡಿಯಸ್ ರೆಗೊ ಎಂಬ ವೈದ್ಯವಿಜ್ಞಾನಿ ಟಗರುಗಳ ವೃಷಣಕ್ಕೆ ಎಕ್ಸ್‌ರೇ ಹಾಯಿಸಿದ. ಒಂದೇ ಸಲಕ್ಕೆ ಪೂರ್ತಿ ಕೊಟ್ಟರೆ ಚರ್ಮ ಸುಟ್ಟುಹೋಗುತ್ತಿತ್ತು, ಟಗರಿಗೆ ಮಾತ್ರ ಬಂಜೆತನ ಬರುತ್ತಿರಲಿಲ್ಲ. ಅದನ್ನೇ ದಿನಗಳ ಮೇಲೆ ಹಂಚಿ ಕೊಟ್ಟಾಗ ವೀರ್ಯ ಹುಟ್ಟುವುದು ನಿಂತಿತು, ಚರ್ಮ ಉಳಿಯಿತು. ಬಿಡುವಿಲ್ಲದೆ ಒಡೆದು ಹೆಚ್ಚುವ ಕೋಶಗಳನ್ನು ಸುತ್ತಲಿನ ಅಂಗಾಂಶಕ್ಕೆ ಹೆಚ್ಚು ಪೆಟ್ಟಾಗದಂತೆ ಹಿಡಿಯಬಹುದು ಎಂದು ರೆಗೊ ಕಂಡುಕೊಂಡ. ಇವತ್ತು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎರಡು ಗ್ರೇಯಷ್ಟು ‘ಕರೆಂಟ್’ ಕೊಡಿಸಿಕೊಳ್ಳುವ ಹೆಂಗಸಿಗೂ ಆ ಟಗರುಗಳಿಗೂ ನೇರ ನಂಟಿದೆ.

ಆಳದಲ್ಲಿರುವ ಗೆಡ್ಡೆಯನ್ನು ಚರ್ಮ ಸುಡದಂತೆ ಮುಟ್ಟುವ ಬಲವಾದ ಕಿರಣವೂ ಬೇಕಿತ್ತು. ಅದು ಬಂದದ್ದು 1951ರಲ್ಲಿ, ಕೆನಡಾದಿಂದ. ಅಣುಸ್ಥಾವರದಲ್ಲಿ ತಯಾರಾದ ಕೋಬಾಲ್ಟ್-60 ಮೂಲವನ್ನು ಸ್ಯಾಸ್ಕಟೂನ್ ನಗರದಲ್ಲಿ ಭೌತವಿಜ್ಞಾನಿ ಹೆರಾಲ್ಡ್ ಜಾನ್ಸ್ ಮತ್ತು ಅವರ ವಿದ್ಯಾರ್ಥಿನಿ ಸಿಲ್ವಿಯಾ ಫೆಡೊರಕ್ ಅಳೆದರು, ಮತ್ತೆ ಅಳೆದರು. ಅದೇ ದೇಶದ ಲಂಡನ್ ಎಂಬ ಊರಿನವರು ಅಕ್ಟೋಬರಿನಲ್ಲೇ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟುಬಿಟ್ಟರು. ಸ್ಯಾಸ್ಕಟೂನಿನವರು ತಮ್ಮ ಅಳತೆ ಮುಗಿಸಿ ನವೆಂಬರಿನಲ್ಲಿ ಶುರುಮಾಡಿದರು. ಅವರ ಮೊದಲ ರೋಗಿ 43 ವರ್ಷದ ಹೆಂಗಸು, ನಾಲ್ಕು ಮಕ್ಕಳ ತಾಯಿ, ಗರ್ಭಕಂಠದ ಕ್ಯಾನ್ಸರ್. ಆಕೆ ಆಮೇಲೆ ಎಷ್ಟು ವರ್ಷ ಬದುಕಿದ್ದರು ಗೊತ್ತೆ? ನಲವತ್ತೇಳು! ತೀರಿಕೊಂಡಾಗ ವಯಸ್ಸು ತೊಂಬತ್ತು.

ಆದರೆ ಎಲ್ಲರಿಗೂ ಕಿರಣವೊಂದೇ ಸಾಲುತ್ತಿರಲಿಲ್ಲ. ಜೊತೆಗಾರ ಸಿಕ್ಕ ಬಗೆಯಂತೂ ಕತೆಗಿಂತ ವಿಚಿತ್ರ. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸನ್‌ಬರ್ಗ್ ಎಂಬ ಭೌತವಿಜ್ಞಾನಿಗೆ ಒಂದು ಕುತೂಹಲ. ಒಡೆದು ಎರಡಾಗುತ್ತಿರುವ ಕೋಶದ ಚಿತ್ರ ಅಯಸ್ಕಾಂತದ ಬಲರೇಖೆಗಳ ಹಾಗೆ ಕಂಡಿತ್ತು. ಹಾಗಾದರೆ ವಿದ್ಯುತ್ ಕ್ಷೇತ್ರದಲ್ಲಿ ಕೋಶವಿಭಜನೆ ಏನಾದೀತು? ಬ್ಯಾಕ್ಟೀರಿಯಾ ಬೆಳೆಯುತ್ತಿದ್ದ ದ್ರವದೊಳಗೆ ಪ್ಲಾಟಿನಂ ತುದಿಗಳನ್ನಿಟ್ಟು ವಿದ್ಯುತ್ ಹರಿಸಿದ. ಪ್ಲಾಟಿನಂ ಯಾವುದರ ಜೊತೆಗೂ ಬೆರೆಯದ ಜಡ ಲೋಹ ಎಂಬ ನಂಬಿಕೆಯಿಂದ ಅದನ್ನು ಆರಿಸಿದ್ದು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆಯೇ: ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಒಡೆಯುತ್ತಲೂ ಇರಲಿಲ್ಲ, ಉದ್ದವಾಗುತ್ತಿದ್ದವು! ತಮ್ಮ ಸಹಜ ಉದ್ದದ ಮುನ್ನೂರು ಪಟ್ಟು ನೀಳವಾದ ದಾರಗಳಾಗಿದ್ದವು. ಬೆಳೆಯುವ ಶಕ್ತಿ ಇತ್ತು, ಎರಡಾಗುವ ಶಕ್ತಿ ಹೋಗಿತ್ತು. ಇದು ವಿದ್ಯುತ್ತಿನ ಕೆಲಸವಲ್ಲ, ಜಡವೆಂದು ನಂಬಿದ್ದ ಪ್ಲಾಟಿನಂ ಕರಗಿ ದ್ರವದಲ್ಲಿ ಹೊಸ ಸಂಯುಕ್ತಗಳಾಗಿದ್ದರ ಫಲ ಎಂದು ತಿಳಿಯಲು ಬಹಳ ದುಡಿಯಬೇಕಾಯಿತು. ಒಡೆಯುವುದನ್ನು ತಡೆಯುವ ವಸ್ತುವಿಗಿಂತ ಕ್ಯಾನ್ಸರಿಗೆ ಇನ್ನೇನು ಬೇಕು! ಅದೇ ಸಿಸ್‌ಪ್ಲಾಟಿನ್. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಡಿಎನ್‌ಎಗೆ ಅಂಟಿಕೊಂಡು ರಿಪೇರಿ ಕೆಲಸವನ್ನು ಕೆಡಿಸುವುದರಿಂದ ಕಿರಣದ ಏಟು ಇನ್ನಷ್ಟು ಗಟ್ಟಿಯಾಗುತ್ತದೆ.

1999ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಎಲ್ಲ ವೈದ್ಯರಿಗೂ ತುರ್ತು ಪ್ರಕಟಣೆ ಹೊರಡಿಸಿತು. ಐದು ಪ್ರಯೋಗಗಳು ಒಂದೇ ಮಾತು ಹೇಳಿದ್ದವು: ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ನಡೆಯುತ್ತಿರುವಾಗಲೇ ಸಿಸ್‌ಪ್ಲಾಟಿನ್ ಕೊಟ್ಟರೆ ಸಾವಿನ ಅಪಾಯ ಶೇ 30ರಿಂದ 50ರಷ್ಟು ಇಳಿಯುತ್ತದೆ. ಆದರೂ ರೋಗ ಬಲಿತ ಮೇಲೆ, ರಕ್ತಹೀನತೆಯಿಂದ ಬಳಲಿ ಬರುವ ನಮ್ಮ ಹೆಂಗಸರು ಇದನ್ನು ತಾಳಿಕೊಂಡಾರೆಯೇ ಎಂಬ ಅನುಮಾನ ಉಳಿದಿತ್ತು. ಉತ್ತರ ಕೊಟ್ಟವರು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2003ರಿಂದ 2011ರವರೆಗೆ ಪ್ರಯೋಗಕ್ಕೆ ಸೇರಿದ 850 ಮಹಿಳೆಯರು. ಎಲ್ಲರದ್ದೂ ಮೂರನೆಯ ಹಂತ ತಲುಪಿದ್ದ ರೋಗ. ಐದು ವರ್ಷ ದಾಟಿದವರು ಬರೀ ವಿಕಿರಣ ಪಡೆದವರಲ್ಲಿ ಶೇ 46, ಸಿಸ್‌ಪ್ಲಾಟಿನ್ ಕೂಡ ಪಡೆದವರಲ್ಲಿ ಶೇ 54. ಇಲ್ಲಿಯೂ ನೂರಕ್ಕೆ ಎಂಟು!

ಹಾಗಿದ್ದರೆ ಔಷಧಿಯನ್ನು ವಿಕಿರಣಕ್ಕೂ ಮೊದಲೇ ಕೊಟ್ಟು ಗೆಡ್ಡೆ ಕುಗ್ಗಿಸುವ ಯೋಚನೆ ಯಾರಿಗೂ ಬಂದಿರಲಿಲ್ಲವೇ? ಬಂದಿತ್ತು, ಸೋತಿತ್ತು. ಹಳೆಯ ಪ್ರಯೋಗಗಳನ್ನು ಒಟ್ಟುಹಾಕಿ 2003ರಲ್ಲಿ ನಡೆದ ವಿಶ್ಲೇಷಣೆಯಲ್ಲಿ ರೋಮಾಂಚಕಾರಿ ಸಂಗತಿ ಅಡಗಿತ್ತು. ಡೋಸುಗಳ ನಡುವೆ ಎರಡು ವಾರಕ್ಕಿಂತ ಹೆಚ್ಚು ಅಂತರ ಬಿಟ್ಟ ಪ್ರಯೋಗಗಳಲ್ಲಿ ಬದುಕುಳಿಯುವಿಕೆ ತಗ್ಗಿತ್ತು, ಅಂತರ ಕಡಿಮೆಯಿದ್ದ ಕಡೆ ಏರುವ ಲಕ್ಷಣವಿತ್ತು. ಬಿಡುವು ಸಿಕ್ಕಾಗ ಅಳಿದುಳಿದ ಕ್ಯಾನ್ಸರ್ ಕೋಶಗಳು ಮತ್ತಷ್ಟು ವೇಗವಾಗಿ ಹೆಚ್ಚುತ್ತವೆ ಎಂಬುದು ಇದಕ್ಕೆ ಕೊಡುವ ಕಾರಣ. ಇಂಟರ್‌ಲೇಸ್ ವಾರಕ್ಕೊಮ್ಮೆ ಕೊಟ್ಟಿತು, ಏಳನೆಯ ವಾರಕ್ಕೇ ವಿಕಿರಣ ಶುರುಮಾಡಿತು. ವಿಕಿರಣದ ಜೊತೆಗೆ ಇಮ್ಯುನೋಥೆರಪಿ ಸೇರಿಸುವ ಇನ್ನೊಂದು ದಾರಿಯೂ ಒಳ್ಳೆಯ ಫಲ ಕೊಟ್ಟಿದೆ, ಆದರೆ ಅದು ದುಬಾರಿ. ಯಾರಿಗೆ ಯಾವುದು ಎಂಬುದನ್ನು ರೋಗದ ಹಂತ, ರಕ್ತ, ಮೂತ್ರಪಿಂಡ ನೋಡಿ ವೈದ್ಯರೇ ತೀರ್ಮಾನಿಸಬೇಕು.

ಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚುಗಳಲ್ಲಿ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಕೂತ ಹೆಂಗಸರು ಕಾಣುತ್ತಾರೆ. ಗುಟುಕು ಗುಟುಕಾಗಿ ಕುಡಿದು, ಮೂತ್ರ ತಡೆದುಕೊಂಡು ತಮ್ಮ ಸರದಿಗೆ ಕಾಯುತ್ತಾರೆ. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಎಷ್ಟು ಸರಳ ಉಪಾಯ! ಇಂಥ ಇಪ್ಪತ್ತೈದು ದಿನ, ಆಮೇಲೆ ಒಳಗಿನಿಂದಲೇ ವಿಕಿರಣ ಕೊಡುವ ಬ್ರಾಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ಅದಕ್ಕೂ ಮೀರಿ ಎಳೆದ ಪ್ರತಿ ದಿನಕ್ಕೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇಕಡಾ ಅರ್ಧದಿಂದ ಒಂದರಷ್ಟು ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ.

ಆದ್ದರಿಂದ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ ಹಬ್ಬಕ್ಕೆಂದು, ಬಿತ್ತನೆಗೆಂದು, ಮದುವೆಗೆಂದು ನಡುವೆ ಊರಿಗೆ ಕರೆಯಬೇಡಿ. ಬಸ್ಸಿನ ದುಡ್ಡು ಕೊಡಿ, ಆಸ್ಪತ್ರೆಯ ಹತ್ತಿರ ಉಳಿಯಲು ಜಾಗ ಹುಡುಕಿಕೊಡಿ, ರಕ್ತ ಬೇಕೆಂದರೆ ಹೋಗಿ ಕೊಟ್ಟು ಬನ್ನಿ. ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.