ದಾರಿ ಬದಲಿಸಿದ ಹಿಮ್ಮೇಳ

ನಮ್ಮ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸ ಶುರುವಾಯಿತೆಂದರೆ ಟೇಪ್ ರೆಕಾರ್ಡರಿಗೂ ಕೆಲಸ ಶುರು. ಒಂದು ಕಡೆ ಅಡಿಕೆಯ ರಾಶಿ, ಇನ್ನೊಂದು ಕಡೆ ಸಿಪ್ಪೆಯ ರಾಶಿ, ನಡುವೆ ಕ್ಯಾಸೆಟ್ಟಿನೊಳಗಿಂದ ಚೆಂಡೆ. ಒಂದು ಸಂಜೆ ಚಿಕ್ಕಪ್ಪ ಪುತ್ತೂರು ಪೇಟೆಯಿಂದ ಹೊಸ ಕ್ಯಾಸೆಟ್ ತಂದಿದ್ದರು. ಭಾಗವತರು ಪದಕ್ಕೆ ಇಳಿಯುವ ಮೊದಲು ರಾಗವನ್ನು ಹಿಗ್ಗಿಸಿ ಹಿಗ್ಗಿಸಿ ಆಲಾಪ ಮಾಡುತ್ತಿದ್ದರು. ಅಜ್ಜ ಕೈಯ ಕೆಲಸ ನಿಲ್ಲಿಸಿ, "ಎಂತ ಮಾರಾಯ ಇದು, ಆಟದ ಪದವೋ ಕಚೇರಿಯೋ?" ಅಂದರು. "ನಿಮಗೆ ಹಳತೇ ಆಗಬೇಕು ಅಪ್ಪ. ಇದನ್ನು ಕೇಳ್ಲಿಕ್ಕೇ ಜನ ಬೆಳಗಿನವರೆಗೆ ಕೂತುಕೊಳ್ಳುವುದು" ಅಂದರು ಚಿಕ್ಕಪ್ಪ. ಆ ವರ್ಷದ ಅಡಿಕೆ ಮುಗಿಯಿತು, ಚರ್ಚೆ ಮುಗಿಯಲಿಲ್ಲ.

ಇಂಥ ಚರ್ಚೆ ನಮ್ಮ ಜಗಲಿಗೆ ಮಾತ್ರ ಸೇರಿದ್ದಲ್ಲ ಎಂದು ಗೊತ್ತಾದದ್ದು ಊರು ಬಿಟ್ಟ ಮೇಲೆ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ನಿಂತಾಗ ಅವನದೇ ಅಭಿಮಾನಿಗಳು ಕೂಗಿ ಗಲಾಟೆ ಮಾಡಿದರು. ರೇಡಿಯೋಹೆಡ್ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡ್ ತನ್ನನ್ನು ಬೆಳೆಸಿದ ಗಿಟಾರನ್ನೇ ಹಿಂದೆ ಸರಿಸಿ, ಯಂತ್ರನಾದವನ್ನು ಮುಂದಿಟ್ಟು 2000ದಲ್ಲಿ 'ಕಿಡ್ ಎ' ಆಲ್ಬಮ್ ತಂದಾಗಲೂ ಕೇಳುಗರು ಎರಡು ಪಾಲಾದರು. ನಮ್ಮಲ್ಲೇ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಸುಗಳ ಜೊತೆ ಕೂರಿಸಿದಾಗ ಹಿಗ್ಗಿದವರೂ ಇದ್ದರು, ಹುಬ್ಬು ಗಂಟಿಕ್ಕಿದವರೂ ಇದ್ದರು.

ಪುತ್ತೂರು, ಸುಳ್ಯ, ಕಡಬದ ನಮಗೆ ಬ್ಯಾಂಡ್ ಎಂದರೆ ಹಿಮ್ಮೇಳ. ರಾತ್ರಿಯಿಡೀ ನಿಲ್ಲದೆ ಹಾಡುವ, ಬಡಿಯುವ ಈ ತಂಡವೂ ಕಳೆದ ಒಂದು ಶತಮಾನದಲ್ಲಿ ದಾರಿ ಬದಲಿಸಿದೆ. ಹಾಗೆ ಬದಲಿಸಿದವರಲ್ಲಿ ಮೂವರ ಹೆಸರು ಈ ಮೂರು ತಾಲೂಕುಗಳಿಗೆ ಅಂಟಿಕೊಂಡಿದೆ.

ಒಂದನೇ ವೇಷ

ಯಕ್ಷಗಾನದ ರಂಗಸ್ಥಳದಲ್ಲಿ ಕುಣಿಯುವವರು ಮುಮ್ಮೇಳ, ಹಿಂದೆ ಕೂತು ಹಾಡುವವರು, ನುಡಿಸುವವರು ಹಿಮ್ಮೇಳ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ. ಜೊತೆಗೆ ಶ್ರುತಿ. ಭಾಗವತರ ಕೈಯಲ್ಲಿ ಜಾಗಟೆ. ಬಣ್ಣ ಹಚ್ಚದಿದ್ದರೂ ಭಾಗವತರನ್ನು ಒಂದನೇ ವೇಷ ಎಂದೇ ಕರೆಯುವುದು ರೂಢಿ. ಯಾವ ಪದ ಎತ್ತಬೇಕು, ಯಾವುದನ್ನು ಬಿಡಬೇಕು, ವೇಷ ಎಷ್ಟು ಹೊತ್ತು ಕುಣಿಯಬೇಕು ಎಂಬುದೆಲ್ಲ ಅವರ ಲೆಕ್ಕ. ಜಾಗಟೆ ನಿಂತರೆ ರಾವಣನೂ ನಿಲ್ಲಬೇಕು.

ಪ್ರಸಂಗ ಪುಸ್ತಕ ಬಿಡಿಸಿದರೆ ಪ್ರತಿ ಪದದ ತಲೆಯ ಮೇಲೆ ರಾಗದ ಹೆಸರೂ ತಾಳದ ಹೆಸರೂ ಇರುತ್ತವೆ. ಎರಡಕ್ಕೂ ಸಮಾನ ಮರ್ಯಾದೆ ಇದ್ದಂತೆ ಕಾಣುತ್ತದೆ, ಆದರೆ ರಂಗದಲ್ಲಿ ಹಾಗಿಲ್ಲ. ರಾಗವನ್ನು ಭಾಗವತರು ಸಂದರ್ಭ ನೋಡಿ ಬದಲಿಸಬಹುದು. ತಾಳ ಬದಲಿಸಲು ಬರುವುದಿಲ್ಲ. ಪದದ ಮಟ್ಟು ತಾಳದ ಅಕ್ಷರಕ್ಕೆ ಕಟ್ಟಿಕೊಂಡೇ ಹುಟ್ಟಿರುತ್ತದೆ. ಝಂಪೆಗೆ 10 ಅಕ್ಷರ, ತ್ರಿವುಡೆಗೆ 7, ಅಷ್ಟಕ್ಕೆ 14. ತ್ರಿವುಡೆಯ ಪದವನ್ನು ಝಂಪೆಗೆ ಎಳೆದರೆ ಮಾತು ಮುರಿಯುತ್ತದೆ, ಅದರ ಹಿಂದೆ ಕುಣಿಯುವ ಕಾಲೂ ಮುರಿಯುತ್ತದೆ. ಹಿಮ್ಮೇಳದ ಬದಲಾವಣೆಯನ್ನು ತೂಗಲು ಈ ಒಂದು ತಕ್ಕಡಿ ಸಾಕು: ಬದಲಾದದ್ದು ರಾಗವೋ, ತಾಳವೋ?

ಮೈಕು ತಂದ ಮೆತ್ತನೆ

ಮೈಕು ಇಲ್ಲದ ಕಾಲದಲ್ಲಿ ಭಾಗವತರ ಸ್ವರ ಗದ್ದೆಯ ಕೊನೆಯಲ್ಲಿ ಕೂತವನಿಗೂ ಮುಟ್ಟಬೇಕಿತ್ತು. ಪಕ್ಕದಲ್ಲೇ ಚೆಂಡೆ. ಹಾಗಾಗಿ ಶ್ರುತಿ ಏರಿತ್ತು, ಸ್ವರ ನೇರವಾಗಿತ್ತು, ಬಳುಕಿಗೆ ಜಾಗ ಕಡಿಮೆಯಿತ್ತು. ಈ ಹಳೆಯ ಗತ್ತನ್ನು ನಮ್ಮ ಕಾಲದವರೆಗೂ ಕಾಪಾಡಿದವರು 2023ರ ಫೆಬ್ರುವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು. ಬಲಿಪ ಶೈಲಿ ಎಂಬ ಮಾತೇ ಅವರ ಮನೆತನದಿಂದ ಬಂದದ್ದು.

ಮೈಕು ಬಂದ ಮೇಲೆ ಮೆತ್ತಗೆ ಹಾಡಿದರೂ ಕೇಳುವಂತಾಯಿತು. ಅದರ ಹಿಂದೆಯೇ ಟಿಕೆಟಿನ ಆಟ ಬಂತು. ಡೇರೆ ಹಾಕಿ, ಟಿಕೆಟು ಹರಿದು ಆಡುವ ಮೇಳಗಳಿಗೆ ನಿನ್ನೆ ಕೇಳಿದ್ದನ್ನೇ ಇಂದೂ ಕೇಳಿಸಿದರೆ ಡೇರೆ ತುಂಬುವುದಿಲ್ಲ. ಹೊಸ ಕಥೆ ಬಂತು, ತುಳು ಪ್ರಸಂಗ ಬಂತು, ಅವಕ್ಕೆ ಹೊಸ ನಾದವೂ ಬೇಕಾಯಿತು. ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಹಿಂದುಸ್ತಾನಿ ರಾಗಗಳ ಛಾಯೆಯನ್ನು ತೆಂಕಿನ ಪದಕ್ಕೆ ತಂದದ್ದು ಈ ಹಿನ್ನೆಲೆಯಲ್ಲಿ. ಉತ್ತರದ ಶೈಲಿಯಾದ ಬಡಗಿನಲ್ಲಿ ಕಾಳಿಂಗ ನಾವಡರು ಅದೇ ಬಗೆಯ ಬಿರುಗಾಳಿ ಎಬ್ಬಿಸಿ, 1990ರಲ್ಲಿ ಅಪಘಾತದಲ್ಲಿ ಅಕಾಲಕ್ಕೆ ಹೋಗಿಬಿಟ್ಟರು.

ಪುತ್ತೂರು: ಮಾತು ಕಳಚಿದ ಕಾರಂತರು

ಡೇರೆಯ ಒತ್ತಡವೂ ಇಲ್ಲದೆ, ಟಿಕೆಟಿನ ಹಂಗೂ ಇಲ್ಲದೆ ದಾರಿ ಬದಲಿಸಿದವರು ಶಿವರಾಮ ಕಾರಂತರು. ಹುಟ್ಟಿದ್ದು ಕೋಟದಲ್ಲಿ, 1902ರಲ್ಲಿ. ಬದುಕಿನ ಹುರುಪಿನ ದಶಕಗಳನ್ನು ಕಳೆದದ್ದು ಪುತ್ತೂರಿನಲ್ಲಿ. ಇಲ್ಲಿನ ಬಾಲವನದಲ್ಲಿ ಅವರು ಮಕ್ಕಳಿಗೆ ಪಾಠ ಕಲಿಸಿದರು, ನಾಟಕ ಆಡಿಸಿದರು, ಗೀತನಾಟಕ ಬರೆದರು, ನೃತ್ಯದ ಪ್ರಯೋಗ ಮಾಡಿದರು. ಅವರು ಕಟ್ಟಿಸಿದ ನಾಟ್ಯಶಾಲೆ ಇಂದಿಗೂ ಅಲ್ಲಿದೆ. ಯಕ್ಷಗಾನದ ಹುಚ್ಚು ಮಾತ್ರ ಇವೆಲ್ಲವುಗಳ ಬೆನ್ನಿಗೆ ನೆರಳಿನ ಹಾಗೆ ಇತ್ತು. ಹಳೆಯ ಪ್ರಸಂಗಗಳನ್ನು ಹುಡುಕಿ, ಮುದಿ ಭಾಗವತರನ್ನು ಕೂರಿಸಿ ಹಾಡಿಸಿ ಕೇಳಿ ಬರೆದ 'ಯಕ್ಷಗಾನ ಬಯಲಾಟ' 1957ರಲ್ಲಿ ಬಂತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದು ಅವರ ಕಾದಂಬರಿಗಲ್ಲ, ಈ ಪುಸ್ತಕಕ್ಕೆ.

ಕಾರಂತರ ವಾದ ಸರಳವಾಗಿತ್ತು. ಯಕ್ಷಗಾನಕ್ಕೆ ತನ್ನದೇ ಸಂಗೀತವಿದೆ, ಗೋಪನೀತೆಯಂಥ ತನ್ನದೇ ರಾಗಗಳಿವೆ, ಅದನ್ನು ಕರ್ನಾಟಕ ಸಂಗೀತದ ಬಾಲ ಮಾಡಬಾರದು. ಇಷ್ಟು ಹೇಳಿದವರು ಮಾಡಿದ್ದೇನು? ಹಿಮ್ಮೇಳಕ್ಕೆ ವಯಲಿನ್ ತಂದರು, ಸ್ಯಾಕ್ಸೋಫೋನ್ ತಂದರು. ವೇಷಧಾರಿಗಳ ಮಾತಾದ ಅರ್ಥಗಾರಿಕೆಯನ್ನು ಪೂರ್ತಿ ಕಳಚಿಟ್ಟರು. ಇಡೀ ರಾತ್ರಿಯ ಕಥೆಯನ್ನು ಹಾಡು, ಕುಣಿತ, ಅಭಿನಯ ಇಷ್ಟರಲ್ಲೇ ಕಟ್ಟಿ ಕೆಲವೇ ಗಂಟೆಗೆ ಇಳಿಸಿದರು. 'ಭೀಷ್ಮ ವಿಜಯ', 'ನಳ ದಮಯಂತಿ', 'ಪಂಚವಟಿ'ಗಳು ಹೀಗೆ ಹೊಸ ರೂಪದಲ್ಲಿ ಬಂದವು. ಮಾತಿನ ಗೋಡೆ ಇಲ್ಲದ ಕಾರಣ ಕನ್ನಡ ಬಾರದ ದೇಶಗಳಲ್ಲೂ ಈ ಆಟ ನಡೆಯಿತು.

ಅರ್ಥಧಾರಿಗಳ ನಾಡು ಇದು. ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯಲ್ಲಿ ಒಂದು ಪದಕ್ಕೆ ಅರ್ಧ ಗಂಟೆ ಅರ್ಥ ಕೇಳಿ ತಲೆದೂಗುವ ಜನ ನಾವು. ಮಾತೇ ಇಲ್ಲದ ಯಕ್ಷಗಾನ ಎಂದರೆ ಕಾಯಿ ಇಲ್ಲದ ತೆಂಗು ಎಂದು ಮುನಿದವರು ಬಹಳ. ಇನ್ನೊಂದು ತಮಾಷೆಯೂ ಇದೆ: ತೆಂಕುತಿಟ್ಟಿನ ನಡುಮನೆಯಲ್ಲಿ ಅಷ್ಟು ವರ್ಷ ಕೂತ ಕಾರಂತರು ಪ್ರಯೋಗಕ್ಕೆ ಆರಿಸಿಕೊಂಡದ್ದು ಹುಟ್ಟೂರಿನ ಬಡಗನ್ನು. ಸ್ಯಾಕ್ಸೋಫೋನಿನ ಬಗ್ಗೆ ಮಾತ್ರ ನಾವು ಮೂಗು ಮುರಿಯುವ ಹಾಗಿಲ್ಲ. ನಮ್ಮ ಜಿಲ್ಲೆಯ ಮದುವೆ ಚಪ್ಪರದಲ್ಲೂ ದೇವರ ಬಲಿ ಹೊರಡುವಾಗಲೂ ನಾಗಸ್ವರದ ಜಾಗದಲ್ಲಿ ಅದೇ ಮೊಳಗುತ್ತಿರುತ್ತದೆ. ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿದ ಕದ್ರಿ ಗೋಪಾಲನಾಥರೂ ನಮ್ಮ ಜಿಲ್ಲೆಯವರೇ.

ತಕ್ಕಡಿಗೆ ಹಾಕಿದರೆ ಕಾರಂತರು ವಾದ್ಯ ಸೇರಿಸಿದರು, ಮಾತು ತೆಗೆದರು, ಆದರೆ ಮಟ್ಟಿಗೂ ತಾಳಕ್ಕೂ ಕೈ ಹಾಕಲಿಲ್ಲ. ಅದಕ್ಕೇ ಆ ಪ್ರಯೋಗ ಕೇಳಿದವರಿಗೆ ಅದು ಬ್ಯಾಲೆ ಅನ್ನಿಸಿತಾದರೂ ಬೇರೆ ಊರಿನದು ಅನ್ನಿಸಲಿಲ್ಲ.

ಕಡಬ: ಕಚೇರಿಯಿಂದ ಆಟಕ್ಕೆ

ಮೊನ್ನೆ ಮೊನ್ನೆ ಬೇರೆ ತಾಲೂಕಾದ ಕಡಬಕ್ಕೆ ಹಿಮ್ಮೇಳದಲ್ಲಿ ಹಳೆಯ ಹೆಸರಿದೆ. ಚೆಂಡೆ, ಮದ್ದಳೆಯ ಮಾತು ಬಂದರೆ ಕಡಬ ನಾರಾಯಣ ಆಚಾರ್ಯರನ್ನು ನೆನೆಯದವರಿಲ್ಲ. ಕಡಬದ ಕಡೆಯವರೇ ಆದ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ, ಮದ್ದಳೆ ಎರಡರಲ್ಲೂ ಪಳಗಿದವರು. ಅವರ ಕೈ ಹಿಡಿದು ಬಂದವರು ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ. ತವರಿನಿಂದ ತಂದದ್ದು ಕರ್ನಾಟಕ ಸಂಗೀತದ ಪಾಠ. ಭಾಗವತಿಕೆ ಕಲಿತದ್ದು ಗಂಡನ ಮದ್ದಳೆಯ ಎದುರು ಕೂತು.

ಉಳಿದವರು ಆಟದಿಂದ ಸಂಗೀತದ ಕಡೆ ಹೊರಳುತ್ತಿದ್ದ ಕಾಲದಲ್ಲಿ ಈಕೆ ಸಂಗೀತದಿಂದ ಆಟದ ಕಡೆ ನಡೆದರು. ಅದು ಸುಲಭದ ನಡೆ ಅಲ್ಲ. ಕಚೇರಿಯ ಗಾಯಕಿಗೆ ರಾಗವೇ ದೇವರು, ಸಂಗತಿಯ ಮೇಲೆ ಸಂಗತಿ ಹಾಕಿದಷ್ಟೂ ಸಭೆ ಮೆಚ್ಚುತ್ತದೆ. ರಂಗಸ್ಥಳದಲ್ಲಿ ವೇಷ ಕಾಲು ಎತ್ತಿ ನಿಂತಿರುತ್ತದೆ. ಪದದ ಸಾಹಿತ್ಯ ಸ್ಪಷ್ಟವಾಗಿ ಕಿವಿಗೆ ಬೀಳಬೇಕು, ಮುಕ್ತಾಯದ ಬಿಡ್ತಿಗೆ ಸಮಕ್ಕೆ ಬಂದು ಕೂರಬೇಕು. ಮದ್ದಳೆ ಶ್ರುತಿಗೆ ಸೇರಿಸುವ ವಾದ್ಯ, ಹಾಡುವ ಕಂಠ ಬದಲಾದರೆ ಅದೂ ಬದಲಾಗಬೇಕು. ಗಂಡಸರ ಕಂಠಕ್ಕೇ ಹೊಂದಿಕೊಂಡಿದ್ದ ಹಿಮ್ಮೇಳದ ನಡುವೆ ಹೆಣ್ಣು ಸ್ವರ ನಿಂತದ್ದು ಹೀಗೆ ಕಲಿತದ್ದರಲ್ಲಿ ಕೆಲವನ್ನು ಬಿಟ್ಟು, ಬಾರದ್ದನ್ನು ಕಲಿತು.

ವೃತ್ತಿ ಮೇಳದಲ್ಲಿ ಊರೂರು ತಿರುಗಿ ಹಾಡಿದ ಮೊದಲ ಭಾಗವತೆ ಎಂಬ ಹೆಸರು ಅವರದು. ದಿನಕ್ಕೊಂದು ಊರು, ರಾತ್ರಿಯಿಡೀ ಆಟ, ಹಗಲು ಪ್ರಯಾಣ. ಗಂಡಸರಿಗೇ ಕಷ್ಟವಾದ ತಿರುಗಾಟವನ್ನು ಅವರು ವರ್ಷಗಟ್ಟಲೆ ಮಾಡಿದರು. ಧರ್ಮಸ್ಥಳದ ಕೇಂದ್ರದಲ್ಲಿ ದಂಪತಿ ಇಬ್ಬರೂ ಮಕ್ಕಳಿಗೆ ಹಿಮ್ಮೇಳ ಕಲಿಸಿದರು. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ. ಮರುವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇವತ್ತು ಕಾವ್ಯಶ್ರೀ ಅಜೇರು, ಭವ್ಯಶ್ರೀ ಕುಲ್ಕುಂದ ಜಾಗಟೆ ಹಿಡಿದು ಕೂತರೆ ಯಾರೂ ಬೆರಗಾಗುವುದಿಲ್ಲ. ಆ ಬೆರಗನ್ನು ಮುಗಿಸಿಟ್ಟು ಹೋದವರು ಲೀಲಾವತಿ ಬೈಪಾಡಿತ್ತಾಯರು.

ಸುಳ್ಯ: ಗಣಪಣ್ಣನ ಪದ

ಸುಳ್ಯ ತಾಲೂಕಿನ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು 1955ರಲ್ಲಿ ಹುಟ್ಟಿದ್ದೇ ಹಾಡುವ ಮನೆಯಲ್ಲಿ. ಧರ್ಮಸ್ಥಳದಲ್ಲಿ ಭಾಗವತಿಕೆ ಕಲಿತು, ಹದಿಹರೆಯ ಕಳೆಯುವ ಮೊದಲೇ ಮೇಳ ಸೇರಿದರು. ಅಗರಿ ಶ್ರೀನಿವಾಸ ಭಾಗವತರು ಹಾಡಿ ಹೆಸರಾಗಿದ್ದ ಸುರತ್ಕಲ್ ಮೇಳದಲ್ಲಿ ಎರಡೂವರೆ ದಶಕ ಕಳೆದರು. ಅದು ಟಿಕೆಟಿನ ಮೇಳ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಾತಿನ ಮಲ್ಲರಿದ್ದ ಮೇಳ. ಪೌರಾಣಿಕ ಪ್ರಸಂಗದ ಬಿಗಿಯೂ ಬೇಕು, ಹೊಸ ಕಥೆಯ ಹುರುಪೂ ಬೇಕು. ಎರಡನ್ನೂ ಒಂದೇ ಕಂಠದಲ್ಲಿ ಇಟ್ಟುಕೊಂಡವರು ಪದ್ಯಾಣ.

ಗಣಪಣ್ಣ ರಾಗವನ್ನು ಮುದ್ದಿಸುತ್ತಿದ್ದರು. ಕರುಣದ ಪದವಾದರೆ ನಿಧಾನಕ್ಕೆ, ಮೇಲಿನ ಸ್ವರದಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿಯುವಾಗ ಕೇಳುವವರ ಎದೆಯನ್ನೂ ಇಳಿಸುವ ಹಾಗೆ. ಯುದ್ಧದ ಏರುಪದ ಬಂದಾಗ ಅದೇ ಕಂಠ ಚೆಂಡೆಯ ಉರುಳಿಕೆಯ ಮೇಲೆ ಸವಾರಿ ಮಾಡುತ್ತಿತ್ತು. ಲಯದಲ್ಲಿ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತಿದ್ದುದರಿಂದ ರಾಗದಲ್ಲಿ ಅಷ್ಟು ದೂರ ಹೋದರೂ ದಾರಿ ತಪ್ಪುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಹೊಸನಗರ ಮೇಳ, ಆಮೇಲೆ ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದಲ್ಲಿ ಹಾಡಿದರು. 2021ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ.

ನಮ್ಮ ಜಗಲಿಯಲ್ಲಿ ಅಜ್ಜನೂ ಚಿಕ್ಕಪ್ಪನೂ ಒಪ್ಪಿದ ಒಂದೇ ಹೆಸರು ಅವರದು. ಅಜ್ಜನಿಗೆ ತಾಳ ಸಿಕ್ಕುತ್ತಿತ್ತು, ಚಿಕ್ಕಪ್ಪನಿಗೆ ರಾಗ.

ಆಟ ಬಿಟ್ಟ ಪದ

ಈಗಿನ ತಿರುವು ಇನ್ನೊಂದು ಬಗೆಯದು. ಗಾನವೈಭವ ಎಂಬ ಕಾರ್ಯಕ್ರಮದಲ್ಲಿ ವೇಷವೇ ಇರುವುದಿಲ್ಲ. ಇಬ್ಬರು ಮೂವರು ಭಾಗವತರು ಸಾಲಾಗಿ ಕೂತು ಒಂದೇ ಪದವನ್ನು ಬೇರೆ ಬೇರೆ ರಾಗದಲ್ಲಿ ಹಾಡುತ್ತಾರೆ, ಚೆಂಡೆಗಳು ಒಂದಕ್ಕೊಂದು ಸವಾಲು ಹಾಕುತ್ತವೆ, ಸಭೆ ಚಪ್ಪಾಳೆ ತಟ್ಟುತ್ತದೆ. ಮನೆಯ ಗೃಹಪ್ರವೇಶದಲ್ಲೂ ಇದು ನಡೆಯುತ್ತದೆ, ಮರುದಿನ ಮೊಬೈಲಿನಲ್ಲೂ ಬರುತ್ತದೆ. ಭಾಗವತ ಪಟ್ಲ ಸತೀಶ ಶೆಟ್ಟಿಯವರ ಕಂಠಕ್ಕೆ ಸೇರುವ ಎಳೆಯರನ್ನು ನೋಡಿದರೆ, ರಾಕ್ ಬ್ಯಾಂಡಿನ ಗಾಯಕನಿಗೆ ಸಿಗುವ ಅಭಿಮಾನ ಭಾಗವತರಿಗೂ ಸಿಕ್ಕಿತಲ್ಲ ಎಂದು ಸಂತೋಷವಾಗುತ್ತದೆ. ಆಟಕ್ಕೆ ಹೋಗದ ಎಷ್ಟೋ ಹುಡುಗರು ಯಕ್ಷಗಾನಕ್ಕೆ ಬಂದದ್ದೇ ಈ ಬಾಗಿಲಿನಿಂದ.

ತೊಂದರೆಯೂ ಇಲ್ಲೇ ಇದೆ. ಕುಣಿಯುವ ಕಾಲು ಎದುರಿಗಿಲ್ಲದಿದ್ದರೆ ಹಾಡುವವರನ್ನು ಹಿಡಿದು ನಿಲ್ಲಿಸುವವರಿಲ್ಲ. ಆಲಾಪ ಬೆಳೆಯುತ್ತದೆ, ಪದ ಕುಗ್ಗುತ್ತದೆ. ಅದೇ ಅಭ್ಯಾಸ ರಂಗಸ್ಥಳಕ್ಕೂ ಬಂದರೆ ವೇಷ ಸುಮ್ಮನೆ ನಿಂತು ರಾಗ ಮುಗಿಯುವುದನ್ನು ಕಾಯಬೇಕಾಗುತ್ತದೆ. ಕಾಲಮಿತಿಯ ಆಟಗಳಲ್ಲಂತೂ ಒಂದು ಆಲಾಪಕ್ಕೆ ಕೊಟ್ಟ ಹತ್ತು ನಿಮಿಷಕ್ಕೆ ಎರಡು ಪದ ಬಲಿಯಾಗುತ್ತವೆ. ರಾಗ ಹೊಸದಾಯಿತೆಂದು ನನ್ನ ತಕರಾರಿಲ್ಲ. ಮಂಡೆಚ್ಚರ ಕಾಲಕ್ಕೇ ಆ ತಕರಾರು ಹಳತಾಯಿತು. ತಾಳ ರಾಗಕ್ಕೆ ಬಾಗಿಲು ಕಾಯುವ ಆಳಾದರೆ ಮಾತ್ರ ಆಟ ಆಟವಾಗಿ ಉಳಿಯುವುದಿಲ್ಲ.

ಕಾರಂತರು, ಲೀಲಾವತಿ ಬೈಪಾಡಿತ್ತಾಯರು, ಪದ್ಯಾಣ ಗಣಪತಿ ಭಟ್ಟರು ಬೇರೆ ಬೇರೆ ದಿಕ್ಕಿಗೆ ನಡೆದವರು. ಮೂವರೂ ತಾಳದ ಬೇಲಿಯೊಳಗೇ ನಡೆದರು. ಅದರಿಂದಲೇ ಇವತ್ತು ನಾವು ಅವರ ಬಗ್ಗೆ ಜಗಳವಾಡುತ್ತ ಅವರನ್ನೇ ಕೇಳುತ್ತೇವೆ.

ದೀಪಾವಳಿಯ ಹೊತ್ತಿಗೆ ಮೇಳಗಳು ಹೊರಡುತ್ತವೆ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ನಿಮ್ಮ ಊರಿನ ಗದ್ದೆಗೆ ಒಂದಾದರೂ ಮೇಳ ಬಂದೇ ಬರುತ್ತದೆ. ಈ ಸಲ ಎದುರಿನ ಕುರ್ಚಿ ಬಿಟ್ಟು ಹಿಮ್ಮೇಳದ ಬದಿಗೆ ಕೂತುಕೊಳ್ಳಿ. ವೇಷವನ್ನು ಸ್ವಲ್ಪ ಮರೆತು ಭಾಗವತರ ಜಾಗಟೆಯ ಕೈ ನೋಡಿ, ತೊಡೆಯ ಮೇಲೆ ತಾಳ ಹಾಕಿ ಎಣಿಸಿ. ಏಳೋ, ಹತ್ತೋ, ಹದಿನಾಲ್ಕೋ ಲೆಕ್ಕ ಸಿಕ್ಕಿದರೆ, ರಾಗ ಯಾವುದಾದರೂ ಇರಲಿ, ನೀವು ಕೇಳುತ್ತಿರುವುದು ಆಟದ ಪದವೇ.