ಟಿವಿ ಒಂದು, ಮೂಲ ಮೂರು

ನಿಮ್ಮ ಶಾಲೆಯಲ್ಲಿ ಒಂದು ಹಳೆಯ ಟಿವಿ ಇದೆ ಎಂದಿಟ್ಟುಕೊಳ್ಳಿ. ಅದರ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ಸಾಕೆಟ್‌ಗಳ ಒಂದೇ ಒಂದು ಸಾಲು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಎಡ-ಬಲ ಧ್ವನಿಗೆ. ಆದರೆ ಜೋಡಿಸಬೇಕಾದದ್ದು ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಮತ್ತು ಸೂಕ್ಷ್ಮದರ್ಶಕಕ್ಕೆ ಕೂರಿಸಿದ ಕ್ಯಾಮೆರಾ. ಪ್ರತಿ ಪೀರಿಯಡ್‌ಗೂ ಪ್ಲಗ್ ಕಿತ್ತು ಸಿಕ್ಕಿಸುತ್ತಿದ್ದರೆ ಸಾಕೆಟ್‌ನ ಬೆಸುಗೆ ಬಿಟ್ಟುಹೋಗುತ್ತದೆ. ನಾನು ಕಂಡ ಒಂದು ಶಾಲೆಯಲ್ಲಿ ಹೀಗೇ ಆಗಿ, ಒಬ್ಬ ಹುಡುಗ ತರಗತಿ ಮುಗಿಯುವವರೆಗೂ ಟಿವಿಯ ಹಿಂದೆ ನಿಂತು ಪ್ಲಗ್ ಅದುಮಿ ಹಿಡಿದಿದ್ದ. ಪಾಪ, ಪಾಠ ನೋಡಲು ಸಿಗದವನು ಅವನೊಬ್ಬನೇ!

'ಮೂರರ ತಂತಿಗಳನ್ನೂ ಒಟ್ಟಿಗೆ ಸೇರಿಸಿಬಿಟ್ಟರೆ ಆಗದೆ? ಬೇಕಾದುದನ್ನಷ್ಟೇ ಚಾಲೂ ಮಾಡಿದರಾಯಿತು' ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಓಮ್ ನಿಯಮ ಬಲ್ಲವರು ಉತ್ತರವನ್ನು ತಾವೇ ಕಂಡುಕೊಳ್ಳಬಹುದು. ವಿಡಿಯೋ ಉಪಕರಣದ ಹೊರದಾರಿಯಲ್ಲಿ 75 ಓಮ್ ರೋಧವಿದೆ. ಟಿವಿಯ ಒಳದಾರಿಯಲ್ಲೂ 75 ಓಮ್. ಉಪಕರಣದೊಳಗೆ 2 ವೋಲ್ಟ್ ಇದ್ದರೆ, ಅರ್ಧ ಅಲ್ಲೇ ಬಿದ್ದು 1 ವೋಲ್ಟ್ ಟಿವಿಗೆ ತಲಪುತ್ತದೆ. ಟಿವಿ ನಿರೀಕ್ಷಿಸುವುದೂ ಅಷ್ಟನ್ನೇ. ಈಗ ಇನ್ನೆರಡು ಉಪಕರಣಗಳನ್ನು ಸೇರಿಸಿ. ಅವು ಆರಿದ್ದರೂ ಅವುಗಳ 75 ಓಮ್ ಅಲ್ಲೇ ಉಳಿದಿದ್ದರೆ, ಟಿವಿಯೊಂದಿಗೆ ಸಮಾಂತರವಾಗಿ ಮೂರು ರೋಧಗಳಾದವು. ಒಟ್ಟು 25 ಓಮ್. ಲೆಕ್ಕ ಹಾಕಿ: 2 × 25 ÷ 100 = 0.5 ವೋಲ್ಟ್. ಸಂಕೇತ ಅರ್ಧಕ್ಕಿಳಿಯಿತು, ಚಿತ್ರ ಮಂಕಾಯಿತು.

ಎರಡು ಉಪಕರಣಗಳು ಒಟ್ಟಿಗೆ ಚಾಲೂ ಆಗಿದ್ದರೆ ಪಾಡು ಇನ್ನೂ ಕೆಟ್ಟದ್ದು. ನಮ್ಮಲ್ಲಿ ಬಳಕೆಯಾದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಸೆಕೆಂಡಿಗೆ 15,625 ಗೆರೆಗಳು. ಪ್ರತಿ ಗೆರೆಯ ಆರಂಭವನ್ನು ಒಂದು ಪುಟ್ಟ ಮಿಡಿತ ಸೂಚಿಸುತ್ತದೆ. ಎರಡೂ ಉಪಕರಣಗಳ ಮಿಡಿತಗಳಿಗೆ ತಾಳಮೇಳವಿಲ್ಲದ್ದರಿಂದ ಯಾವುದನ್ನು ಅನುಸರಿಸಬೇಕೆಂದು ಟಿವಿಗೆ ತಿಳಿಯದೆ ಚಿತ್ರ ಹರಿದು ಉರುಳತೊಡಗುತ್ತದೆ.

ಆದ್ದರಿಂದ ಬೇಡದ ಉಪಕರಣವನ್ನು ಆರಿಸಿದರೆ ಸಾಲದು, ತಂತಿಯಿಂದಲೇ ಬೇರ್ಪಡಿಸಬೇಕು. ಸ್ವಿಚ್ ಪೆಟ್ಟಿಗೆ ಮಾಡುವುದು ಇಷ್ಟೇ. ಸಾಮಾನ್ಯ ಗುಂಡಿಯೊತ್ತುವ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಒಳಗೆ ಸರ್ಕಿಟ್ ಎನ್ನುವಂಥದ್ದೇನೂ ಇಲ್ಲ! ಒಂದು ಗುಂಡಿ ಒತ್ತಿದರೆ ಮೂರು ಸಂಪರ್ಕಗಳು ಒಮ್ಮೆಗೇ ಕೂಡುತ್ತವೆ, ಮೊದಲು ಒತ್ತಿದ್ದ ಗುಂಡಿ ಮೇಲೇಳುತ್ತದೆ. ತಂತಿಗಳ ಹೊರಕವಚಗಳೆಲ್ಲ ಒಂದೆಡೆ ಕೂಡಿರುತ್ತವೆ. ಬ್ಯಾಟರಿ ಬೇಡ, ಕರೆಂಟೂ ಬೇಡ. ಮೂರು ಪೋಲ್, ನಾಲ್ಕು ದಾರಿಯ ರೋಟರಿ ಸ್ವಿಚ್ ತಂದು ವಿದ್ಯಾರ್ಥಿಗಳೇ ಬೆಸೆಯಬಹುದು. ಹಳದಿ ತಂತಿಗೆ ಮಾತ್ರ 75 ಓಮ್‌ನ ಕವಚವಿರುವ ಕೇಬಲ್ಲೇ ಇರಲಿ. ಟಿವಿಗೆ ಜೋಡಿಸುವ ಮುನ್ನ ಮಲ್ಟಿಮೀಟರ್‌ನಲ್ಲಿ ಒಂದೊಂದು ದಾರಿಯನ್ನೂ ಪರೀಕ್ಷಿಸಿ.

ಇದೇ ಪೆಟ್ಟಿಗೆಯನ್ನು ತಿರುಗಿಸಿ, ಒಂದು ಡಿವಿಡಿ ಪ್ಲೇಯರನ್ನು ಬೇಕಾದ ಟಿವಿಗೆ ಕೊಡಲೂಬಹುದು. ಆದರೆ ಎರಡು ಟಿವಿಗಳಿಗೆ ಒಟ್ಟಿಗೆ ಕೊಟ್ಟರೆ ಎಷ್ಟು ವೋಲ್ಟ್ ಸಿಗುತ್ತದೆ? ಮೇಲಿನಂತೆಯೇ ಲೆಕ್ಕ ಮಾಡಿ, 0.67 ಬರಬೇಕು.

ಎಚ್‌ಡಿಎಂಐ ಸಾಕೆಟ್‌ನ ಟಿವಿಗೆ ಈ ಪೆಟ್ಟಿಗೆ ಒಗ್ಗದು. ಅಲ್ಲಿ 19 ಪಿನ್‌ಗಳು. 1080 ಗೆರೆಗಳ ಚಿತ್ರಕ್ಕೆ ಒಂದೊಂದು ಜೋಡಿ ತಂತಿಯಲ್ಲೂ ಸೆಕೆಂಡಿಗೆ ಸುಮಾರು 148 ಕೋಟಿ ಬಿಟ್‌ಗಳು ಹರಿಯುತ್ತವೆ. ಅದಕ್ಕೆ ಐಸಿ ಇರುವ ಸ್ವಿಚ್ಚೇ ಬೇಕು. ಅದು ಮೂಲ ಬದಲಿಸಿದಾಗ ಪರದೆ ಕ್ಷಣಕಾಲ ಕಪ್ಪಾದರೆ ಗಾಬರಿಯಾಗಬೇಡಿ. ಯಾವ ಗಾತ್ರದ ಚಿತ್ರ ಕಳಿಸಬೇಕೆಂದು ಉಪಕರಣವು ಟಿವಿಯನ್ನು ವಿಚಾರಿಸಿಕೊಳ್ಳುತ್ತಿರುತ್ತದೆ, ಅಷ್ಟೆ.